ಕೊಳಲಿನ ಕೆಳಗಿನ ಮಾತು

ಅಂಗಡಿಯ ಷಟರ್ ಎತ್ತುವಾಗಲೇ ಕ್ಯಾಸೆಟ್ ಮಾಮನಿಗೆ ಸುಸ್ತು. ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಇಳಿಸಿಕೊಡುವುದು ಅವನ ಕಸುಬು. ಇಳಿಸುವ ಕೆಲಸ ಯಂತ್ರದ್ದು, ಅದಕ್ಕೆ ದಣಿವಿಲ್ಲ. ಬಂದವರಿಗೆಲ್ಲ ವಿವರಿಸುವ ಕೆಲಸ ಇವನ ಪಾಲಿಗೆ ಬಂದಿತ್ತು, ಅದಕ್ಕೆ ಕೊನೆಯೆಂಬುದಿರಲಿಲ್ಲ.

ಮನೆಮಂದಿಯ ಮದುವೆಗಳನ್ನೆಲ್ಲ ಚೀಲದಲ್ಲಿ ಹೊತ್ತು ತಂದು, ಎಲ್ಲವನ್ನೂ ಒಂದೇ ಡಿಸ್ಕಿಗೆ ಹಾಕಿಕೊಡಿ ಎನ್ನುವವರೇ ಹೆಚ್ಚು. ಹಾಕಬಹುದು, ಆದರೆ ಮದುಮಗಳ ಮೂಗು ಕಣ್ಣು ಚೌಕಚೌಕವಾಗಿ ಒಡೆದುಹೋಗುತ್ತವೆ ಎಂದು ಇವನು ಹೇಳಬೇಕು. ಬಿಟ್ ರೇಟ್ ಎಂದರೆ ಅವರು ಗಡಿಯಾರ ನೋಡುತ್ತಾರೆ. ಸಣ್ಣ ಪೆಟ್ಟಿಗೆಗೆ ಮನೆಯ ಬಟ್ಟೆಯನ್ನೆಲ್ಲ ತುರುಕಿದರೆ ಇಸ್ತ್ರಿ ಉಳಿಯುತ್ತದೆಯೇ ಎಂದು ಕೇಳಿದರೆ ತಲೆ ಆಡಿಸುತ್ತಾರೆ, ಆಮೇಲೆ ಮತ್ತೆ ಅದೇ ರಾಗ ಎಳೆಯುತ್ತಾರೆ. ಇನ್ನು ಕೆಲವರು ತಾವೇ ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡು, ಡಿಸ್ಕು ನೆಂಟರ ಮನೆಯಲ್ಲಿ ಓಡಲಿಲ್ಲವೆಂದು ಜಗಳಕ್ಕೆ ಬರುತ್ತಾರೆ. ಫೈನಲೈಸ್ ಮಾಡದ ಡಿಸ್ಕು ಬೇರೆ ಯಂತ್ರಕ್ಕೆ ಅರ್ಥವಾಗುವುದಿಲ್ಲ, ಮಾಡಿದ ಮೇಲೆ ಅದಕ್ಕೆ ಇನ್ನೇನೂ ಸೇರಿಸಲು ಬರುವುದಿಲ್ಲ, ಆದ್ದರಿಂದ ಯೋಚಿಸಿ ಒತ್ತಿ ಎಂದು ಹೇಳಿ ಹೇಳಿ ಮಾಮನ ಬಾಯಿ ಬತ್ತಿಹೋಗಿತ್ತು.

ಪ್ರಾಯದಲ್ಲಿ ಮಾಮ ಮದುವೆಗಳ ವಿಡಿಯೋ ತೆಗೆಯುತ್ತಿದ್ದವನು. ಆ ಕಸುಬಿನಲ್ಲಿ ಜನರ ಮಾತೆಂದರೆ ಕಸ. ಅತ್ತೆಯ ಗೊಣಗಾಟ, ಮಕ್ಕಳ ಅಳು, ನೀರು ಎಲ್ಲಿ ಎಂಬ ಕೂಗು, ಇವೆಲ್ಲದರ ಮೇಲೆ ಸಂಗೀತ ಬಳಿದುಬಿಟ್ಟರೆ ಚಿತ್ರ ಚೊಕ್ಕಟ. ಊರಿಗೆಲ್ಲ ಹಾಗೆ ಬಳಿದವನು ಮನೆಯದನ್ನು ಬಿಡುತ್ತಾನೆಯೇ? ಒಮ್ಮೆ ಬಾಡಿಗೆಗೆ ತಂದ ಹೊಸ ಕ್ಯಾಮೆರಾ ಹೇಗಿದೆ ನೋಡೋಣವೆಂದು, ಮಗಳಿಗೆ ಜಡೆ ಹೆಣೆಯುತ್ತಿದ್ದ ಹೆಂಡತಿಯನ್ನು ಚಿತ್ರಿಸಿದ. ಮರುವಾರ ಅವನ ಸ್ಟುಡಿಯೋಗೆ, ಚಿತ್ರದ ಮೇಲೆ ಸಂಗೀತ ಕೂರಿಸುವ ಹೊಸ ಡಬ್ಬಿಂಗ್ ಯಂತ್ರ ಬಂತು. ಅದನ್ನೂ ಪರೀಕ್ಷಿಸಬೇಕಲ್ಲ, ಅದೇ ಕ್ಯಾಸೆಟ್ಟಿಗೆ ಕೊಳಲು ಸುರಿದ.

ಮಗಳ ಓದು ಮುಗಿಯುವ ಮೊದಲೇ ಹೆಂಡತಿ ತೀರಿಹೋದಳು. ಹುಡುಕಿದರೆ, ಅವಳು ಬಾಯಿ ತೆರೆದು ಮಾತಾಡಿದ ಕ್ಯಾಸೆಟ್ಟು ಅದೊಂದೇ. ತುಟಿಗಳು ಅಲುಗುತ್ತವೆ, ಕೊಳಲು ಕೇಳುತ್ತದೆ. ಅಮ್ಮನ ದನಿ ಎಲ್ಲಿ ಎಂದು ಮಗಳು ಕೇಳಿದಾಗ, ಕ್ಯಾಮೆರಾದ ಮೈಕು ಕೆಟ್ಟಿತ್ತು ಎಂದುಬಿಟ್ಟ. ಆ ಸುಳ್ಳು ಅವನ ಗಂಟಲಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು, ಇಳಿಯಲೂ ಇಲ್ಲ, ಹೊರಗೆ ಬರಲೂ ಇಲ್ಲ.

ಈಗ ಮೊಮ್ಮಗಳು ಅಜ್ಜಿ ಹೇಗೆ ಮಾತಾಡುತ್ತಿದ್ದರು ಎಂದು ಪೀಡಿಸತೊಡಗಿದ್ದಳು. ಹೇಳಿ ತೋರಿಸೋಣವೆಂದರೆ ಮಗಳಿಗೇ ಆ ದನಿ ಮರೆಯುತ್ತ ಬಂದಿತ್ತು. ಅದಕ್ಕೇ ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡಿ ಕಾಲು ಬಾತಿದ್ದರೂ ಅವಳು ಒಂದು ಸಂಜೆ ನೇರ ಅಪ್ಪನ ಅಂಗಡಿಗೆ ಬಂದಳು. ಮಾಮ ಆಗಷ್ಟೇ ಕ್ಯಾಸೆಟ್ಟು, ಡಿಸ್ಕು ಎರಡೂ ಒಂದೇ ಮೈಯಲ್ಲಿರುವ ಸೆಕೆಂಡ್ ಹ್ಯಾಂಡ್ ರೆಕಾರ್ಡರ್ ತಂದಿದ್ದ. ಹೊಸ ಯಂತ್ರದಲ್ಲಿ ಏನಾದರೂ ಕೇಳೀತು ಎಂಬುದು ಅವಳ ಆಸೆ. ಆ ಕ್ಯಾಸೆಟ್ಟು ಹಾಕಿದರು. ಅದೇ ಕೊಳಲು.

ಮಗಳು ಸೋತು ಕೂತು, ಯಂತ್ರದ ಜೊತೆ ಬಂದ ಪುಸ್ತಕ ತಿರುವಿದಳು. ಅದರ ಇರುವೆಯಂಥ ಅಕ್ಷರ ಮಾಮನ ಕಣ್ಣಿಗೆ ಹತ್ತುತ್ತಿರಲಿಲ್ಲ, ಅವನು ಅದನ್ನು ತೆರೆದೇ ಇರಲಿಲ್ಲ. ಅವಳು ಗಟ್ಟಿಯಾಗಿ ಓದುತ್ತ ಹೋದಳು. ಕ್ಯಾಸೆಟ್ಟಿನಲ್ಲಿ ಸದ್ದಿಗೆ ಎರಡು ಜಾಗಗಳಂತೆ. ಟೇಪಿನ ಅಂಚಿನದು ನಾರ್ಮಲ್, ಚಿತ್ರದ ಅಡಿಯಲ್ಲೇ ಕೂತದ್ದು ಹೈ-ಫೈ. ಆಮೇಲೆ ಸದ್ದು ಡಬ್ ಮಾಡಿದರೆ ನಾರ್ಮಲ್ ಮಾತ್ರ ಬದಲಾಗುತ್ತದೆ, ಹೈ-ಫೈ ಇದ್ದ ಹಾಗೇ ಇರುತ್ತದೆ.

"ಅದನ್ನ ಇನ್ನೊಂದ್ಸಲ ಓದು," ಎಂದ ಮಾಮ.

ಅವಳು ಓದಿದಳು. ಹಾಗಾದರೆ ಹೆಂಡತಿಯ ಮಾತು ಅಳಿಸಿಹೋಗಿರಲಿಲ್ಲ. ಇಷ್ಟು ವರ್ಷ ಅವನು ನೆಚ್ಚಿಕೊಂಡಿದ್ದ ಹಳೆಯ ಪ್ಲೇಯರಿಗೆ ಅಂಚಿನ ಸದ್ದೊಂದೇ ಕೇಳುತ್ತಿತ್ತು. ಊರಿಗೆಲ್ಲ ಪಾಠ ಹೇಳುವವನು ಇದೊಂದನ್ನು ವಿಚಾರಿಸಿರಲಿಲ್ಲ, ವಿಚಾರಿಸಲು ಹೆದರಿದ್ದ ಎಂದರೂ ಸರಿಯೇ. ಹೊಸ ಯಂತ್ರವನ್ನೂ ಹಿಂದಿನ ಒಡೆಯ ನಾರ್ಮಲ್‌ಗೇ ಇಟ್ಟು ಮಾರಿದ್ದ. ಮಗಳು ರಿಮೋಟಿಗೆ ಕೈ ಚಾಚಿದಳು.

"ತಾಳು," ಎಂದ ಮಾಮ. "ಮೈಕ್ ಕೆಟ್ಟಿರ್ಲಿಲ್ಲ ಕಣಮ್ಮ. ಆ ಕೊಳಲು ಹಾಕಿದ್ದು ನಾನೇ."

ಮಗಳು ಅವನನ್ನೇ ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತೇನೋ, ಅವಳಿಗೆ ಬೈಯುವಷ್ಟು ತ್ರಾಣವೂ ಇರಲಿಲ್ಲ. ಟಿವಿಯತ್ತ ತಿರುಗಿ ಗುಂಡಿ ಒತ್ತಿದಳು.

ಕೊಳಲು ನಿಂತಿತು. ಎಲ್ಲೋ ಬಕೆಟ್ಟಿಗೆ ನಲ್ಲಿಯ ನೀರು ಬೀಳುವ ಸದ್ದು. ಆಮೇಲೆ, ತುಸು ಒಡಕು ದನಿಯಲ್ಲಿ:

"ಅಲ್ಲಾಡ್ಬೇಡ ಕಣೇ, ಜಡೆ ಸೊಟ್ಟಗಾಗುತ್ತೆ." ಹೆಂಡತಿ ತಲೆಯೆತ್ತಿ ನೇರ ಅವನತ್ತ ನೋಡಿದಳು. "ನೀವೂ ಸಾಕು ಮಾಡಿ. ಹೇಗಿದ್ರೂ ನನ್ ಮಾತಿನ ಮೇಲೆ ಏನಾದ್ರೂ ಬಾರಿಸ್ಬಿಡ್ತೀರಿ. ಈ ಮನೇಲಿ ನನ್ ಮಾತು ಕೇಳೋರ್ಯಾರು?"

ಹೇಳಿ ನಕ್ಕಳು. ಮಗಳು ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಮಾಮನಿಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ಆ ನಗೆ ಇಷ್ಟು ವರ್ಷ ಅವನ ಕಪಾಟಿನಲ್ಲೇ, ಅವನದೇ ಕೊಳಲಿನ ಕೆಳಗೆ ಇತ್ತು.

ಮಾಮ ಎದ್ದು ಹೊಸ ಡಿಸ್ಕು ಹಾಕಿದ. ಎಲ್ಲಕ್ಕಿಂತ ಹೆಚ್ಚು ಜಾಗ ತಿನ್ನುವ, ಎಲ್ಲಕ್ಕಿಂತ ಚೊಕ್ಕ ಮೋಡು ಇಟ್ಟ. ಅಷ್ಟು ದೊಡ್ಡ ಡಿಸ್ಕಿಗೆ ಜಡೆ ಹೆಣೆದು ಮುಗಿಯುವವರೆಗಿನ ಚಿತ್ರವೊಂದೇ. ಗಿರಾಕಿಯಾಗಿದ್ದರೆ ಉಳಿದ ಜಾಗದಲ್ಲಿ ಇನ್ನೇನಾದರೂ ಹಾಕಿ ಎಂದು ಗಂಟುಬೀಳುತ್ತಿದ್ದ.

ಇಳಿಸಿಯಾದ ಮೇಲೆ, ಫೈನಲೈಸ್ ಮಾಡಲೇ ಎಂದು ಯಂತ್ರ ಕೇಳಿತು.

"ಇದನ್ನ ಒತ್ತಿದ್ಮೇಲೆ ಇದಕ್ಕೆ ಯಾರೂ ಏನೂ ಹಾಕೋಕಾಗಲ್ಲ, ಅಲ್ವಾ ಅಪ್ಪ?" ಎಂದಳು ಮಗಳು.

"ಯಾರಿಂದಲೂ ಆಗಲ್ಲ," ಎಂದ ಮಾಮ. "ನನ್ನಿಂದಲೂ."

ಗಿರಾಕಿಗಳಿಗೆಲ್ಲ ಯೋಚಿಸಿ ಒತ್ತಿ ಎನ್ನುತ್ತಿದ್ದವನು, ಯೋಚಿಸದೆ ಒತ್ತಿದ.