ಯಾರೂ ಮುರಿಯದ ಒಪ್ಪಂದ

2023ರಲ್ಲಿ ನಾನು ರಾಟರ್‌ಡ್ಯಾಮಿನ ಒಂದು ಹಡಗು ನಿರ್ವಹಣಾ ಕಂಪನಿಯಲ್ಲಿ ಹಿರಿಯ ಕಾನೂನು ಸಲಹೆಗಾರ್ತಿಯಾಗಿದ್ದೆ. ಉಡುಪಿಯಲ್ಲಿ ಎಲ್‌ಎಲ್‌ಬಿ, ಲಂಡನ್ನಿನಲ್ಲಿ ನೌಕಾ ಕಾನೂನಿನ ಸ್ನಾತಕೋತ್ತರ ಪದವಿ, ಆಮೇಲೆ ನೆದರ್ಲೆಂಡ್ಸ್‌ನಲ್ಲಿ ಹದಿನೇಳು ವರ್ಷಗಳ ನೌಕರಿ. ನನ್ನ ಕೆಲಸವೆಂದರೆ ಮುಖ್ಯವಾಗಿ ಒಪ್ಪಂದ ಬರೆಯುವುದು. ಚೆನ್ನಾಗಿ ಬರೆದ ಒಪ್ಪಂದವನ್ನು ಸಹಿ ಬಿದ್ದ ಮೇಲೆ ಯಾರೂ ತೆರೆದು ನೋಡುವುದಿಲ್ಲ. ಆ ವರ್ಷ ನಾನೇ ಬರೆದ ಒಂದು ನೇಮಕಾತಿ ಒಪ್ಪಂದವನ್ನು ಎಷ್ಟು ಸಲ ತೆರೆದು ಓದಿದೆನೋ ನನಗೇ ನೆನಪಿಲ್ಲ.

ಅದಕ್ಕೆ ಸಹಿ ಹಾಕಿದ್ದವರು ದಿನಕರ. ಸುರತ್ಕಲ್ ಕಡೆಯವರು, ನಲವತ್ತೊಂದು ವರ್ಷ, ನಮ್ಮ ಸಮೀಕ್ಷಾ ಹಡಗೊಂದರಲ್ಲಿ ಸೆಕೆಂಡ್ ಎಂಜಿನಿಯರ್. ಎಂಜಿನ್ ರೂಮಿನ ದಿನನಿತ್ಯದ ಜವಾಬ್ದಾರಿಯೆಲ್ಲ ಅವರದೇ. ಹೆಂಡತಿ ಶಾಲಿನಿ ರಾಟರ್‌ಡ್ಯಾಮಿನ ಪಕ್ಕದ ಊರು ಕಾಪೆಲ್ಲೆ ಆನ್ ಡೆನ್ ಐಸೆಲ್‌ನ ಐಟಿ ಕಂಪನಿಯೊಂದರಲ್ಲಿದ್ದುದರಿಂದ ಮನೆಯೂ ಅಲ್ಲೇ. ಎರಡು ತಿಂಗಳು ಸಮುದ್ರ, ಎರಡು ತಿಂಗಳು ಮನೆ. ಯುಗಾದಿಯ ಕೂಟದಲ್ಲಿ ಒಂದೆರಡು ಸಲ ಅವರನ್ನು ಮಾತಾಡಿಸಿದ್ದೆ. ಕಡಿಮೆ ಮಾತು, ಸದಾ ನಗುಮುಖ.

ಮಾರ್ಚ್‌ನಲ್ಲಿ, ರಜೆ ಮುಗಿಸಿ ಹಡಗು ಹತ್ತಲು ಒಂಬತ್ತು ದಿನ ಬಾಕಿ ಇರುವಾಗ, ಅವರು ಮೆಟ್ರೊ ನಿಲ್ದಾಣದ ಮೆಟ್ಟಿಲುಗಳ ಮೇಲೆ ಕುಸಿದುಬಿದ್ದರು. ಪಾರ್ಶ್ವವಾಯು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಎರಡು ವರ್ಷದ ಒಪ್ಪಂದದಲ್ಲಿ ಇನ್ನೂ ಹದಿನಾರು ತಿಂಗಳು ಉಳಿದಿತ್ತು.

ಜುಲೈನಲ್ಲಿ ಅವರ ಫೈಲು ನನ್ನ ಮೇಜಿಗೆ ಬಂತು. ಒಳಗೆ ಕಂಪನಿ ನೇಮಿಸಿದ್ದ ವೈದ್ಯರ ವರದಿ. ಒಪ್ಪಂದದ ಅವಧಿಯೊಳಗೆ ಅವರು ಹಡಗಿನ ಕೆಲಸಕ್ಕೆ ಮರಳುವ ನಿರೀಕ್ಷೆ ಇಲ್ಲ, ಮಾತಿನ ಮೂಲಕ ಸಂವಹನ ಬಹುತೇಕ ಇಲ್ಲ ಎಂದು ಅದರಲ್ಲಿತ್ತು. ಕಾನೂನಿನ ಪ್ರಕಾರ ಈಗ ಒಪ್ಪಂದದ ಗತಿ ಏನು ಎಂದು ನಾನು ಬರೆದುಕೊಡಬೇಕಿತ್ತು.

ಇಂಗ್ಲಿಷ್ ಕಾನೂನಿನಲ್ಲಿ ಫ್ರಸ್ಟ್ರೇಷನ್ ಎಂದರೆ ಮನುಷ್ಯರ ಹತಾಶೆಯಲ್ಲ, ಒಪ್ಪಂದ ವಿಫಲವಾಗುವುದು. ಒಪ್ಪಂದವಾದ ಮೇಲೆ, ಇಬ್ಬರ ತಪ್ಪೂ ಇಲ್ಲದೆ, ಕಾಗದದಲ್ಲಿ ಯಾರೂ ಮುಂದಾಲೋಚಿಸಿ ಬರೆದಿರದ ಘಟನೆಯೊಂದು ನಡೆದು ಒಪ್ಪಿಕೊಂಡ ಕೆಲಸವೇ ಅಸಾಧ್ಯವಾದರೆ, ಒಪ್ಪಂದ ಆ ಕ್ಷಣಕ್ಕೆ ತಾನಾಗಿ ಕೊನೆಗೊಳ್ಳುತ್ತದೆ. ಹಿಂದೆ ಲಂಡನ್ನಿನಲ್ಲಿ ಒಬ್ಬರು ರಾಜನ ಪಟ್ಟಾಭಿಷೇಕದ ಮೆರವಣಿಗೆ ನೋಡಲೆಂದು ಬೀದಿಬದಿಯ ಕೋಣೆಗಳನ್ನು ಬಾಡಿಗೆಗೆ ಹಿಡಿದರು. ರಾಜನಿಗೆ ಕಾಯಿಲೆಯಾಗಿ ಮೆರವಣಿಗೆ ನಿಂತಿತು. ಕೋಣೆ ಇತ್ತು, ಕಿಟಕಿ ಇತ್ತು, ನೋಡುವುದಕ್ಕೆ ಏನೂ ಇರಲಿಲ್ಲ. ಒಪ್ಪಂದ ಮುಗಿಯಿತು ಎಂದಿತು ನ್ಯಾಯಾಲಯ. ವಿದ್ಯಾರ್ಥಿಯಾಗಿದ್ದಾಗ ನನಗೆ ಬಹಳ ಇಷ್ಟವಾದ ಪಾಠ ಅದು. ಯಾರನ್ನೂ ದೂರದ ಕಾನೂನು ಎಂದುಕೊಂಡಿದ್ದೆ.

ಈ ದೇಶದಲ್ಲಿ ದಡದ ಮೇಲೆ ದುಡಿಯುವವರು ಕಾಯಿಲೆ ಬಿದ್ದರೆ ಸಾಮಾನ್ಯವಾಗಿ ಎರಡು ವರ್ಷ ಕೆಲಸದಿಂದ ತೆಗೆಯುವಂತಿಲ್ಲ. ಆದರೆ ದಿನಕರರ ಹಡಗು ಪರದೇಶದ ಬಾವುಟದ್ದು, ಒಪ್ಪಂದ ಇಂಗ್ಲಿಷ್ ಕಾನೂನಿನದು. ಆಸೆಗೆ ಉಳಿದಿದ್ದು ಹದಿನಾಲ್ಕನೇ ಕಲಮು ಒಂದೇ. ನೌಕರ ಕಾಯಿಲೆ ಬಿದ್ದರೆ ಚಿಕಿತ್ಸೆ ಕೊಡಿಸಿ, ಆಮೇಲೆ ದಡದ ಮೇಲೆ ಸೂಕ್ತ ಕೆಲಸ ಕೊಡಬೇಕು ಎಂದು ಅದರಲ್ಲಿತ್ತು. ಕಾಯಿಲೆ ಬರಬಹುದೆಂದು ಒಪ್ಪಂದವೇ ಮೊದಲೇ ಯೋಚಿಸಿದ್ದರೆ ಅದು ವಿಫಲವಾಯಿತು ಎನ್ನಲು ಬರುವುದಿಲ್ಲ. ಆದರೆ ಅಲ್ಲಿ ‘ಹಡಗಿನಲ್ಲಿ ಇರುವಾಗ’ ಎಂಬ ಮಾತು ಸೇರಿತ್ತು. ಸೇರಿಸಿದವಳು ನಾನೇ. ಆರು ವರ್ಷದ ಹಿಂದೆ ಒಬ್ಬ ನಾವಿಕ ರಜೆಯಲ್ಲಿ ಹಿಮದ ಮೇಲೆ ಜಾರಿ ಕಾಲು ಮುರಿದುಕೊಂಡು ತಕರಾರು ತಂದಿದ್ದ. ಅಂಥದ್ದು ಮರುಕಳಿಸದಿರಲೆಂದು ಹಾಗೆ ಬರೆದಿದ್ದೆ. ದಿನಕರ ಬಿದ್ದದ್ದೂ ರಜೆಯಲ್ಲೇ.

ನಾಲ್ಕು ಪುಟದ ಮೆಮೊ ಸಿದ್ಧ ಮಾಡಿದೆ. ಒಪ್ಪಂದ ಫ್ರಸ್ಟ್ರೇಟ್ ಆಗಿದೆ, ಕಂಪನಿಯ ಮೇಲೆ ಇನ್ನು ಯಾವ ಹೊಣೆಯೂ ಇಲ್ಲ ಎಂದು ಬರೆದೆ. ಅದು ಸರಿಯಾದ ಉತ್ತರವೇ ಆಗಿತ್ತು.

ಒಪ್ಪಂದ ಮುಗಿದಿದೆ ಎಂದು ತಿಳಿಸುವ ಪತ್ರವನ್ನು ಕೈಯಾರೆ ತಲುಪಿಸಬೇಕೆಂದು ನಿರ್ದೇಶಕರು ಹೇಳಿದರು. ‘ನಿಮ್ಮ ಊರಿನ ಕಡೆಯವರಲ್ಲವೇ, ನೀವೇ ಹೋದರೆ ಒಳ್ಳೆಯದು’ ಎಂದರು. ಅಕ್ಟೋಬರ್‌ನ ಒಂದು ಮಧ್ಯಾಹ್ನ ಕಾಪೆಲ್ಲೆಗೆ ಹೋದೆ. ಶಾಲಿನಿ ನಿಂತುಕೊಂಡೇ ಪತ್ರ ಓದಿದಳು.

“ಇದ್ರಲ್ಲಿ ಎಂತ ಉಂಟು ಅಕ್ಕ? ಡಿಸ್ಮಿಸ್ ಮಾಡಿದ್ದಾ?”

“ಅಲ್ಲ ಶಾಲಿನಿ. ಕಂಪನಿ ಅವ್ರನ್ನ ತೆಗೆದದ್ದಲ್ಲ. ಕಾಂಟ್ರಾಕ್ಟೇ ಮುಗ್ದಿದೆ ಅಂತ.”

“ಮುಗ್ಸಿದ್ದು ಯಾರು ಹಾಗಾದ್ರೆ?”

“ಯಾರೂ ಅಲ್ಲ.”

“ಯಾರೂ ಮುಗ್ಸದೆ ಮುಗಿಯುದು ಹೇಗಕ್ಕ?”

ನಾನು ಕಿಟಕಿಯ ಕಡೆ ತಿರುಗಿದೆ.

ದಿನಕರ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಅವರಿಗೆ ಮಾತು ಬರುವುದಿಲ್ಲ ಎಂದೇ ನಂಬಿದ್ದೆ. ಆದರೂ ಸುಮ್ಮನೆ ಹೊರಡಲಾಗಲಿಲ್ಲ. ನನ್ನ ಮನೆಯ ಭಾಷೆ ತುಳು ತಾನಾಗಿ ಬಾಯಿಗೆ ಬಂತು. “ಎಂಚ ಉಲ್ಲರ್?” ಎಂದೆ. ಹೇಗಿದ್ದೀರಿ ಎಂದರ್ಥ.

ಅವರು ತಿರುಗಿ ನೋಡಿದರು. ತುಳುವಿನಲ್ಲೇ, ಒಂದೊಂದೇ ಪದವನ್ನು ಹುಡುಕಿ ತಂದು, ಹಡಗು ಈಗ ಎಲ್ಲಿದೆ ಎಂದು ಕೇಳಿದರು. ಆಮೇಲೆ, ಎಡಬದಿಯ ಪ್ಯೂರಿಫೈಯರಿನ ಬೇರಿಂಗ್ ಬದಲಾಯಿಸಿದರೇ ಎಂದರು. ಇಂಧನದಿಂದ ನೀರು, ಕೊಳೆ ಬೇರ್ಪಡಿಸುವ ಯಂತ್ರ ಅದು. ಅದರ ಸದ್ದು ಸಪೂರವಾದ, ಎಂದರೆ ತೆಳ್ಳಗಾದ ಕೂಡಲೇ ನಿಲ್ಲಿಸಬೇಕು, ಕಾಯಬಾರದು, ಚಿಕ್ಕ ಎಂಜಿನಿಯರಿಗೆ ಇದು ಗೊತ್ತಿಲ್ಲ ಎಂದು ಎಡಗೈಯನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದರು. ಹಿಂದಿನ ತಿಂಗಳಷ್ಟೇ ಅದೇ ಯಂತ್ರ ಕೆಟ್ಟು ಹಡಗು ಎರಡು ದಿನ ನಿಂತಿತ್ತು. ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲ.

“ಡಾಕ್ಟ್ರಿಗೆ ಇದನ್ನ ಹೇಳಿದ್ರಾ?” ಎಂದು ಶಾಲಿನಿಯನ್ನು ಕೇಳಿದೆ.

“ಅವರು ಟೆಸ್ಟ್ ಮಾಡಿದ್ದು ಇಂಗ್ಲಿಷಿನಲ್ಲಿ, ಡಚ್ಚಿನಲ್ಲಿ. ಇವ್ರಿಗೆ ಈಗ ಬರುದು ತುಳು ಮಾತ್ರ ಅಂದೆ, ತುಳು ಅಂದ್ರೆ ಏನು ಅಂತ ಕೇಳಿದ್ರು.”

ಮರುದಿನ ನಿರ್ದೇಶಕರ ಕೋಣೆಗೆ ಹೋದೆ. ದಿನಕರರ ತಿಳಿವಳಿಕೆ ಪೂರ್ತಿ ಉಳಿದಿದೆ, ತರಬೇತಿ ವಿಭಾಗದಲ್ಲಿ ಒಂದು ಜಾಗ ಕೊಡೋಣ ಎಂದೆ. ನಿರ್ದೇಶಕರು ಕೆಟ್ಟ ಮನುಷ್ಯರಲ್ಲ. ಸಮಾಧಾನವಾಗಿಯೇ ಉತ್ತರಿಸಿದರು. “ಅವರು ದಡದ ಕೆಲಸ ಮಾಡಬಲ್ಲರು ಎಂದು ಒಪ್ಪಿಕೊಂಡರೆ ಒಪ್ಪಂದ ಇನ್ನೂ ಜೀವಂತವಿದೆ ಎಂದು ನಾವೇ ಹೇಳಿದಂತೆ. ನಿಮ್ಮ ಮೆಮೊದ ಮೂರನೇ ಪುಟ ಓದಿ.” ಹಳೆಯದಕ್ಕೆ ಸಂಬಂಧವಿಲ್ಲದ ಹೊಸ ಒಪ್ಪಂದವನ್ನೇ ಬರೆಯೋಣ ಎಂದೆ. ನಮ್ಮ ಲಂಡನ್ ವಕೀಲರು ಅದಕ್ಕೂ ಒಪ್ಪಲಿಲ್ಲ. “ಎಂಜಿನ್ ರೂಮಿನ ಭಾಷೆ ಇಂಗ್ಲಿಷ್. ತರಬೇತಿ ಕೋಣೆಯ ಭಾಷೆಯೂ ಇಂಗ್ಲಿಷ್” ಎಂದರು. ಪ್ರಕರಣದಿಂದ ನನ್ನನ್ನು ಬಿಡಿಸಿ ಎಂದು ಕೇಳಿಕೊಂಡೆ. ಫೈಲು ಬಲ್ಲವರು ಬೇರೆ ಯಾರೂ ಇರಲಿಲ್ಲ.

ಶಾಲಿನಿ ಗಂಡನ ಪರವಾಗಿ ದಾವೆ ಹೂಡಿದಳು. 2024ರ ಫೆಬ್ರವರಿಯಲ್ಲಿ ಲಂಡನ್ನಿನ ಮಧ್ಯಸ್ಥಗಾರರೊಬ್ಬರ ಮುಂದೆ ವಿಡಿಯೊದಲ್ಲಿ ಒಂದು ದಿನದ ವಿಚಾರಣೆ ನಡೆಯಿತು. ದಿನಕರರ ಮಾತು ಕೇಳಲು ದುಭಾಷಿಯೊಬ್ಬರನ್ನು ಗೊತ್ತುಮಾಡಿದ್ದರು. ಬಂದವರು ಕನ್ನಡ ಬಲ್ಲ ದುಭಾಷಿ. ದಿನಕರ ಬಾಯಿ ತೆರೆದಾಗ ಬಂದದ್ದು ತುಳು. ದುಭಾಷಿ ಸ್ವಲ್ಪ ಹೊತ್ತು ಕೇಳಿ, ಇದು ಕನ್ನಡವಲ್ಲ, ತನಗೆ ತಿಳಿಯುವುದಿಲ್ಲ ಎಂದರು. ಶಾಲಿನಿ ತಾನು ಹೇಳುತ್ತೇನೆ ಎಂದಳು. ಹೆಂಡತಿಯ ಅನುವಾದವನ್ನು ಒಪ್ಪಲಾಗದು ಎಂದರು ಮಧ್ಯಸ್ಥಗಾರರು.

ಆಗ ದಿನಕರ ಪರದೆಯ ಮೇಲೆ ನನ್ನತ್ತ ಬೆರಳು ತೋರಿಸಿ ತುಳುವಿನಲ್ಲಿ ಹೇಳಿದರು. “ಆ ಅಕ್ಕನಿಗೆ ಅರ್ಥವಾಗುತ್ತದೆ. ಅವರನ್ನು ಕೇಳಿ.”

ನನ್ನ ಮೈಕು ಮುಚ್ಚಿತ್ತು. ನಮ್ಮ ವಕೀಲರಿಗೆ ಸಂದೇಶ ಕಳಿಸಿದೆ. ನನಗೆ ಈ ಭಾಷೆ ಬರುತ್ತದೆ, ಹೇಳಲೇ? ಉತ್ತರ ಕೂಡಲೇ ಬಂತು. ಅಗತ್ಯವಿಲ್ಲ. ಮೈಕಿನ ಗುಂಡಿ ನನ್ನ ಬೆರಳಿನ ಕೆಳಗೇ ಇತ್ತು. ನಾನು ಒತ್ತಲಿಲ್ಲ. ಮೊದಲೇ ಸಲ್ಲಿಸಿದ್ದ ಲಿಖಿತ ಹೇಳಿಕೆ ಸಾಕು ಎಂದು ಮಧ್ಯಸ್ಥಗಾರರು ಮುಂದಿನ ವಿಷಯಕ್ಕೆ ಹೋದರು.

ಏಳು ವಾರಗಳ ನಂತರ ತೀರ್ಪು ಬಂತು. ವೈದ್ಯರ ವರದಿಯ ದಿನವೇ ಒಪ್ಪಂದ ಕೊನೆಗೊಂಡಿದೆ, ಆಮೇಲೆ ಮಾತು ಎಷ್ಟು ಮರಳಿದರೂ ಕೊನೆಗೊಂಡ ಒಪ್ಪಂದ ಮರಳಿ ಏಳುವುದಿಲ್ಲ ಎಂಬುದು ಅದರ ಸಾರಾಂಶ. ನನ್ನ ಮೆಮೊದ ಒಂದು ವಾದವೂ ತಳ್ಳಿಹೋಗಿರಲಿಲ್ಲ. ಕಚೇರಿಯಲ್ಲಿ ಕೇಕು ತರಿಸಿದ್ದರು. ತಲೆನೋವೆಂದು ಹೇಳಿ ಮನೆಗೆ ಬಂದೆ.

ಹದಿನಾಲ್ಕನೇ ಕಲಮಿನಿಂದ ಆ ಎರಡು ಪದ ತೆಗೆದು ಹೊಸ ಕರಡು ಕೊಟ್ಟೆ. ಕಂಪನಿ ಹಳೆಯದನ್ನೇ ಉಳಿಸಿಕೊಂಡಿತು. ಈಗ ತೀರ್ಪಿನ ಬಲವೂ ಅದಕ್ಕಿತ್ತಲ್ಲ. ಮರುವರ್ಷ ನಾನು ಅವಧಿಗೆ ಮೊದಲೇ ನಿವೃತ್ತಿ ಪಡೆದೆ.

ಕಳೆದ ಚಳಿಗಾಲದಲ್ಲಿ ರಾಟರ್‌ಡ್ಯಾಮಿನ ಭಾರತೀಯ ಅಂಗಡಿಯೊಂದರಲ್ಲಿ ಶಾಲಿನಿ ಸಿಕ್ಕಿದಳು. ದಿನಕರ ಕೋಲು ಹಿಡಿದು ನಡೆಯುತ್ತಾರೆ, ಆದರೆ ಮಾತು ಮತ್ತೆ ಕಡಿಮೆಯಾಗಿದೆ, ತುಳು ಕೂಡ ಎಂದಳು. ಸಮುದ್ರದ ಸುದ್ದಿ ತೆಗೆಯುವುದೇ ಇಲ್ಲವಂತೆ.

“ಒಂದ್ಸಲ ನಾನು ಬರ್ಲಾ?” ಎಂದೆ.

“ಬೇಡ ಅಕ್ಕ. ನಿಮ್ಮನ್ನ ಕಂಡ್ರೆ ಅವ್ರಿಗೆ ಮತ್ತೆ ಮಾತಾಡ್ಬೇಕು ಅನ್ನಿಸ್ತದೆ.” ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಚೀಲ ಎತ್ತಿಕೊಂಡು ಹೊರಟಳು.

ಯಾರ ತಪ್ಪೂ ಇಲ್ಲ ಎಂದು ಕಾನೂನು ಹೇಳುವುದು ನಡೆದುಹೋದ ಅವಘಡದ ಬಗ್ಗೆ ಮಾತ್ರ. ಅವಘಡದ ಮರುದಿನದಿಂದ ನಾವು ಬರೆದ ಪತ್ರಗಳಿಗೆ, ಮುಚ್ಚಿಕೊಂಡ ಬಾಯಿಗೆ ಆ ಮಾತು ಸಲ್ಲುವುದಿಲ್ಲ. ವೃತ್ತಿ ನನಗೆ ಕಲಿಸಿದ್ದು ಇಷ್ಟು. ಕಲಿತಿದ್ದರಿಂದ ದಿನಕರರಿಗೆ ಏನೂ ಪ್ರಯೋಜನವಾಗಲಿಲ್ಲ.