‘ಬಲ’ ಎಂಬ ಹೆಸರಿನ ಚಿತ್ರ

ಇಂಥ ಕಥೆ ಹೇಳುವವರನ್ನು ಕಂಡರೆ ನಾನು ಮುಸಿಮುಸಿ ನಗುತ್ತಿದ್ದೆ. ಖಾರಘರದ ವಿಶ್ವವಿದ್ಯಾಲಯವೊಂದರ ಪರೀಕ್ಷಾ ವಿಭಾಗದಲ್ಲಿ ನನ್ನ ಕೆಲಸ. ದಾಖಲೆ ಲಗತ್ತಿಸದ ಯಾವುದನ್ನೂ ನಂಬಿದವಳಲ್ಲ. ಈಗ ನನ್ನ ಬಳಿಯೇ ದಾಖಲೆಯಿಲ್ಲ. ನಗುವವರು ನಗಲಿ.

ನಮ್ಮಲ್ಲಿ ಕಲಾಸಂಗ್ರಹದ ಚಿತ್ರಗಳನ್ನು ಆಫೀಸುಗಳಿಗೆ ಒಂದು ವರ್ಷದ ಮಟ್ಟಿಗೆ ಎರವಲು ಕೊಡುತ್ತಾರೆ. ನಮ್ಮ ವಿಭಾಗಕ್ಕೊಂದನ್ನು ಆರಿಸಲು ನಾನು ಹೋದೆ. ಕುದುರೆ, ಜಲಪಾತಗಳ ನಡುವೆ ಸಹಿಯಿಲ್ಲದ ಒಂದು ಸಣ್ಣ ಚಿತ್ರವಿತ್ತು. ಅರ್ಧ ತೆರೆದ ಹಸಿರು ಬಾಗಿಲು, ಹೊಸ್ತಿಲಲ್ಲಿ ಯಾರಿಗೋ ಕಾಯುತ್ತ ನಿಂತ ಹೆಂಗಸು. ಮುಖ ನೆರಳಲ್ಲಿತ್ತು. ರಿಜಿಸ್ಟರಿನಲ್ಲಿ ಚಿತ್ರದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ BALA ಎಂದು ಬರೆದಿತ್ತು. ಸಂಗ್ರಹ ನೋಡಿಕೊಳ್ಳುವ ಜೋಶಿಬಾಯಿ ಅದನ್ನು ಮರಾಠಿಯಲ್ಲಿ ಓದಿದರು: “ಬಾಳಾ ಅಸೇಲ್. ಪಣ ಚಿತ್ರಾತ್ ಕೋಣೀಚ್ ನಾಹೀ.” ಬಾಳಾ ಎಂದರೆ ಕಂದ. ಚಿತ್ರದಲ್ಲಿ ಯಾರೂ ಇಲ್ಲವಲ್ಲ ಎಂದಾಗ, ಮಗು ಇಲ್ಲ ಎನ್ನುತ್ತಿದ್ದಾರೆಂದುಕೊಂಡೆ.

ನಾನು ಓದಿದ್ದು ‘ಬಲ’ ಎಂದು. ನಮ್ಮ ಮನೆಮಾತು ತುಳುವಿನಲ್ಲಿ ಬಲ ಎಂದರೆ ಬಾ.

ಅದರ ಹಿಂದಿನ ವರ್ಷ ಒಂದು ಮಧ್ಯಾಹ್ನ ಡೊಂಬಿವಲಿಯಿಂದ ಅಮ್ಮ ಫೋನ್ ಮಾಡಿದ್ದಳು. “ಇನಿ ಒಂತೆ ಬಲ ಮಗಾ.” ಇವತ್ತೊಮ್ಮೆ ಬಾ ಎಂದು. ರಿಸಲ್ಟಿನ ಗಡಿಬಿಡಿ, “ಎಲ್ಲೆ ಬರ್ಪೆ” ಎಂದೆ. ನಾಳೆ ಬರುತ್ತೇನೆ ಎಂದವಳು ಮರುದಿನ ಹೋದದ್ದು ಅವಳ ಹೆಣದ ಮುಂದೆ ಕೂರಲು.

ಚಿತ್ರವನ್ನು ನನ್ನ ಮೇಜಿನ ಎದುರೇ ತೂಗುಹಾಕಿಸಿದೆ. ಪಕ್ಕದ ಮೇಜಿನ ಧಾರವಾಡದ ಸುನಂದಾ ಛೇಡಿಸುತ್ತಿದ್ದಳು: “ಆಕೀ ಯಾರ ದಾರೀ ಕಾಯಾಕತ್ತಾಳ್ರೀ? ಕುಂದರ್ಸಿ ಒಂದ್ ಕಪ್ ಚಾ ಆದ್ರೂ ಕೊಡ್ರಿ.”

ವರ್ಷ ಮುಗಿಯಿತು. ಇನ್ನೊಂದು ವರ್ಷ ಇಟ್ಟುಕೊಳ್ಳಲು ಕೊಟ್ಟ ಅರ್ಜಿಗೆ ಒಪ್ಪಿಗೆ ಸಿಗಲಿಲ್ಲ. ಹಿಂದಿರುಗಿಸುವ ದಿನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಅದರ ಮುಂದೆ ನಿಂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅತ್ತುಬಿಟ್ಟೆ. “ಬತ್ತೆ ಅಮ್ಮಾ” ಎಂದೆ. ಬಂದೆ ಎಂದು. ಕಣ್ಣೊರೆಸಿಕೊಂಡು ನೋಡಿದರೆ ಹೊಸ್ತಿಲು ಖಾಲಿ. ಬಾಗಿಲು ಮಾತ್ರ ಹಾಗೆಯೇ ಅರ್ಧ ತೆರೆದಿತ್ತು.

ಅಷ್ಟರಲ್ಲಿ ಜೋಶಿಬಾಯಿ ಫಾರ್ಮು ಹಿಡಿದು ಬಂದರು. ಅದಕ್ಕೆ ಅಂಟಿಸಿದ್ದ, ಎರವಲು ಕೊಡುವಾಗ ತೆಗೆದ ಚಿತ್ರದ ಫೋಟೋದಲ್ಲೂ ಬರೀ ಬಾಗಿಲು, ಹೊಸ್ತಿಲು. ಇಲ್ಲೊಬ್ಬ ಹೆಂಗಸಿದ್ದಳಲ್ಲವೇ ಎಂದು ಕೇಳಿದೆ. “ನಾಹೀ ಹೋ ಮ್ಯಾಡಮ್, ತೆವ್ಹಾಚ್ ಸಾಂಗಿತಲಂ ನಾ?” ಇಲ್ಲ, ಅವತ್ತೇ ಹೇಳಿದ್ದೆನಲ್ಲ ಎಂದು ಸಹಿ ಮಾಡಿಸಿಕೊಂಡರು.

ನನಗೆ ತಲೆ ಕೆಟ್ಟಿತ್ತೆಂದು ಒಪ್ಪಿಕೊಳ್ಳಲು ತಯಾರಾಗಿದ್ದೆ. ಆದರೆ ಚಿತ್ರ ಹೋದ ಮೇಲೆ ಸುನಂದಾ ಊಟ ಮುಗಿಸಿ ಬಂದು ಖಾಲಿ ಗೋಡೆ ನೋಡಿ, “ಅಯ್ಯ, ಆಕೀನ್ನ ಕಳಿಸೇಬಿಟ್ರೇನ್ರೀ?” ಎಂದಳು.

ಅವಳಿಗೂ ಕಂಡದ್ದು ಹೇಗೆ, ಗೊತ್ತಿಲ್ಲ. ಅದು ಗೊತ್ತಾಗದಿದ್ದರೂ ಬದುಕಬಲ್ಲೆ. ನಾನು ಬಂದೆನೆಂದು ತಿಳಿದು ಅಮ್ಮ ಒಳಗೆ ಹೋದಳೋ, ಕಾದು ಕಾದು ಸಾಕಾಗಿ ಹೋದಳೋ, ಅದನ್ನು ಮಾತ್ರ ಯಾರನ್ನು ಕೇಳಲಿ?