ಗೋಲ್ಕೊಂಡದಲ್ಲಿ ಕೇಳದ ಚಪ್ಪಾಳೆ

ನಿನ್ನೆ ಮಧ್ಯಾಹ್ನ ಗೋಲ್ಕೊಂಡ ಕೋಟೆಯ ಬಾಗಿಲಲ್ಲಿ ಗೈಡ್ ಸಾಯಬಣ್ಣ ನನ್ನನ್ನು ವಾಪಸ್ ಕಳಿಸಿಬಿಟ್ಟರು. ಸಿಂದಗಿ ಕಡೆಯವರೆಂದು ಮಾತಿನಲ್ಲೇ ಗೊತ್ತಾಗಿತ್ತು.

"ಈ ಬಿಸಲಾಗ ಮ್ಯಾಲ ಕರಕೊಂಡು ಹೋಗಂಗಿಲ್ರಿ. ಹೋದ ಬ್ಯಾಸಗ್ಯಾಗ ಒಬ್ರು ಮೆಟ್ಟಲ ಮ್ಯಾಲ ತಲಿ ತಿರಗಿ ಬಿದ್ರು. ಮುಂಜಾನಿ ಬಾಗಲಾ ತೆರದ ಕೂಡ್ಲೇ ಬರ್ರಿ."

ಬಂದ ಗಿರಾಕಿಯನ್ನು ಹೀಗೆ ಅಟ್ಟುವವರನ್ನು ನಾನು ಕಂಡಿರಲಿಲ್ಲ, ಸಿಟ್ಟೇ ಬಂತು.

ಇವತ್ತು ಬೆಳಿಗ್ಗೆ ಬಂದರೆ, ಕತ್ತಿನಲ್ಲಿ ಕಂಪನಿಯ ಐಡಿ ಕಾರ್ಡ್ ತೂಗುಬಿಟ್ಟ ಹುಡುಗ ಹುಡುಗಿಯರ ಗುಂಪೊಂದು ಆಕಳಿಸುತ್ತಾ ನಮ್ಮ ಜೊತೆ ಮೆಟ್ಟಿಲು ಹತ್ತಿತು. ಹೈಟೆಕ್ ಸಿಟಿಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದವರು.

"ಬಿಸಲು ವರ್ಷಾ ವರ್ಷಾ ಜಾಸ್ತಿ ಆಗಾಕತ್ತೈತ್ರಿ. ಮಧ್ಯಾಹ್ನದ ಟೂರಿಸ್ಟ್ ಬಸ್ಸು ನಿಂತೇ ಹೋದ್ವು," ಎಂದರು ಸಾಯಬಣ್ಣ. "ಊರಿಗೆ ಹೋಗೂದಂತ ಗಂಟು ಕಟ್ಟಿದ್ದೆ. ರಾತ್ರಿ ಪಾಳಿ ಮುಗಿಸಿದ ಇಂಥಾ ಹುಡುಗ್ರು ದಿನಾ ಮುಂಜಾನಿ ಬರಾಕ ಹತ್ತಿ ಉಳಿಸಿದ್ರು ನೋಡ್ರಿ."

ಕೆಳಗೆ ಬಾಗಿಲ ಗುಮ್ಮಟದಡಿ ಒಬ್ಬ ಗೈಡ್ ಚಪ್ಪಾಳೆ ತಟ್ಟಿದರೆ ಕೋಟೆಯ ತುದಿಯಲ್ಲಿ ನಿಂತವರಿಗೆ ಕೇಳುತ್ತದೆ. ಅದನ್ನು ಕೇಳಲೆಂದೇ ಜನ ಇಷ್ಟು ಮೆಟ್ಟಿಲು ಹತ್ತುವುದು. ನಾನೂ ತುದಿಯಲ್ಲಿ ಕಿವಿಗೊಟ್ಟು ನಿಂತೆ. ಅಷ್ಟರಲ್ಲಿ ಗುಂಪಿನ ಹುಡುಗಿಯೊಬ್ಬಳು ತಂಪು ಗಾಳಿಗೆ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಸಾಯಬಣ್ಣ ಮೊಬೈಲ್ ತೆಗೆದು, ಬಾಯಿಗೆ ಕೈ ಅಡ್ಡ ಹಿಡಿದು, ಕೆಳಗಿದ್ದ ಜೊತೆಗಾರನಿಗೆ ಪಿಸುಗುಟ್ಟಿದರು:

"ಈಗ ಚಪ್ಪಾಳಿ ಹೊಡೀಬ್ಯಾಡೋ. ಕೂಸು ಮಲಕೊಂಡೈತಿ."